ಕಂಡ ರೈಲು, ದುಡಿದ ರೈಲು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವ ಸಮಿತಿಯವರು ಕಳೆದ ತಿಂಗಳು ನನ್ನ ಮನೆಗೆ ಬಂದು, “ತಾವು 39 ವರ್ಷ ರೈಲ್ವೆಯಲ್ಲಿ ದುಡಿದವರು, ಆ ಅನುಭವದ ಕುರಿತು ನಾಲ್ಕು ಮಾತು ಆಡಬೇಕು” ಎಂದು ಅಪ್ಪಣೆ ಮಾಡಿದರು. ನಾನು ಭಾಷಣಕಾರನಲ್ಲ. ಗಾಡಿ ಬರುತ್ತದೆ, ಗಾಡಿ ಹೋಗುತ್ತದೆ ಎಂಬ ಎರಡೇ ವಾಕ್ಯಗಳನ್ನು ಜೀವಮಾನವಿಡೀ ಹೇಳಿದವನು. ಆದರೂ ಹಿರಿಯರ ಮಾತನ್ನು ಮೀರಲಾಗದೆ ಇಲ್ಲಿ ನಿಂತಿದ್ದೇನೆ. ತಪ್ಪಿದ್ದಲ್ಲಿ ಕ್ಷಮಿಸಬೇಕಾಗಿ ವಿನಂತಿ.

ಮಿಜಾರಿಗೂ ರೈಲಿಗೂ ಎಲ್ಲಿಯ ಸಂಬಂಧ ಎಂದು ತಮ್ಮಲ್ಲಿ ಕೆಲವರಾದರೂ ಯೋಚಿಸುತ್ತಿರಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಊರಿನಲ್ಲಿ ಹಳಿಯಿಲ್ಲ, ನಿಲ್ದಾಣವಿಲ್ಲ. ಎಂತಹ ನಿಶ್ಶಬ್ದ ರಾತ್ರಿಯಲ್ಲಿಯೂ ಇಲ್ಲಿ ಸಿಳ್ಳು ಕೇಳಿಸದು. ಪಶ್ಚಿಮಕ್ಕೆ ಮೂಲ್ಕಿ, ದಕ್ಷಿಣಕ್ಕೆ ಬಂಟ್ವಾಳ, ನೈರುತ್ಯಕ್ಕೆ ಮಂಗಳೂರು, ಹೀಗೆ ಸುತ್ತಲೂ ರೈಲು ಹಾದುಹೋಗಿ ನಮ್ಮ ಗದ್ದೆ ತೋಟಗಳನ್ನು ಮಾತ್ರ ಬಿಟ್ಟುಬಿಟ್ಟಿದೆ. ಹಾಗಿದ್ದರೂ ಈ ಸಭೆಯಲ್ಲಿ ಕುಳಿತಿರುವ ಮನೆಗಳಲ್ಲಿ, ಮಗನನ್ನೋ ಅಣ್ಣನನ್ನೋ ರೈಲು ಕರೆದೊಯ್ಯದ ಮನೆ ಯಾವುದಿದೆ? ಬೊಂಬಾಯಿಗೆ ಹೋದವರು, ಮದರಾಸಿಗೆ ಹೋದವರು, ಸೆಮಿನರಿಗೆ ಹೋದವರು, ಕಾನ್ವೆಂಟಿಗೆ ಸೇರಿದವರು, ಸೈನ್ಯಕ್ಕೆ ಸೇರಿದವರು, ಎಲ್ಲರೂ ಒಂದಲ್ಲ ಒಂದು ದಿನ ಯಾವುದೋ ಪ್ಲಾಟುಫಾರಮಿನ ಮೇಲೆ ತಗಡಿನ ಪೆಟ್ಟಿಗೆಯ ಪಕ್ಕದಲ್ಲಿ ನಿಂತವರೇ.

ಇಂದು ರೈಲಿನ ಹಳೆಯ ಕಾಲವನ್ನು ನೆನೆಯುವವರು ಬಹಳ. ಹೊಗೆ, ಸಿಳ್ಳು, ಕಿಟಕಿಯ ಗಾಳಿ, ದಪ್ಪ ಕಾಗದದ ಚಿಕ್ಕ ಟಿಕೇಟು, ಇವನ್ನೆಲ್ಲ ನೆನೆದು ‘ಆ ಕಾಲವೇ ಕಾಲ’ ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅದು ರೈಲನ್ನು ಕಂಡವರ ನೆನಪು. ರೈಲಿನಲ್ಲಿ ದುಡಿದವರ ನೆನಪು ಬೇರೆಯೇ. ನನ್ನ ಪುಣ್ಯವೋ ಪಾಪವೋ, ಎರಡೂ ನನಗೆ ದೊರೆತಿವೆ. ಮೊದಲು ಕಂಡುದನ್ನು ಹೇಳುತ್ತೇನೆ.

ನಾನು ರೈಲನ್ನು ಮೊದಲು ಕಂಡುದು 1959ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ. ನನ್ನ ಸೋದರಮಾವನನ್ನು ಬೀಳ್ಕೊಡಲು ತಂದೆಯವರ ಜೊತೆ ಮಂಗಳೂರಿಗೆ ಹೋಗಿದ್ದೆ. ಬೆಳಿಗ್ಗೆ ಪೂಜೆ ಮುಗಿಸಿ, ರಸ್ತೆಯ ಬದಿಯಲ್ಲಿ ಒಂದು ಗಂಟೆ ಕಾದು, ಮೂಡಬಿದಿರೆಯಿಂದ ಬಂದ ಬಸ್ಸಿನಲ್ಲಿ ಗುರುಪುರ ಸಂಕ ದಾಟಿ ಹಂಪನಕಟ್ಟೆಯಲ್ಲಿ ಇಳಿದೆವು. ಅಲ್ಲಿಂದ ನಿಲ್ದಾಣಕ್ಕೆ ನಡಿಗೆಯ ದಾರಿ. ಮದರಾಸು ಮೇಲ್ ಹೊರಡಲು ಸಿದ್ಧವಾಗಿತ್ತು. ಇಂಜಿನು ನಿಂತಲ್ಲಿಯೇ ಉಸಿರಾಡುತ್ತಿತ್ತು. ನೆಲ ಸಣ್ಣಗೆ ನಡುಗುತ್ತಿತ್ತು. ಬಿಸಿ ಎಣ್ಣೆ ಮತ್ತು ಕಲ್ಲಿದ್ದಲಿನ ವಾಸನೆ. ನಾನು ತಂದೆಯವರ ಪಂಚೆಯನ್ನು ಬಿಗಿಹಿಡಿದೆ. ಗಾಡಿ ಹೊರಟಾಗ ಜನರು ಅಳುತ್ತಿದ್ದರು. ನನಗೆ ಮಾತ್ರ ನಗುವೋ ಭಯವೋ ತಿಳಿಯದ ಒಂದು ಸಂಭ್ರಮ. ಆ ದಿನದಿಂದ ಮಂಗಳೂರಿಗೆ ಹೋಗುವ ಅವಕಾಶ ಸಿಕ್ಕಿದಾಗಲೆಲ್ಲ, ಹಬ್ಬದ ಬಟ್ಟೆಗಾಗಲಿ ಆಸ್ಪತ್ರೆಗಾಗಲಿ, ಏನಾದರೂ ನೆವ ಹೇಳಿ ನಿಲ್ದಾಣಕ್ಕೆ ಓಡುತ್ತಿದ್ದೆ. ನೇತ್ರಾವತಿಯ ಉಕ್ಕಿನ ಸೇತುವೆಯ ಮೇಲೆ ಗಾಡಿ ಹತ್ತಿದಾಗ ಆ ಸದ್ದು ಹೇಗೆ ಬದಲಾಗುತ್ತದೆಂಬುದನ್ನು ಕೇಳಲೆಂದೇ ಒಮ್ಮೆ ಉಳ್ಳಾಲದ ಕಡೆಯ ದಂಡೆಯಲ್ಲಿ ಅರ್ಧ ದಿನ ಕುಳಿತು, ಮನೆಗೆ ಬಂದು ಪೆಟ್ಟು ತಿಂದುದೂ ಉಂಟು.

ಆ ಸೇತುವೆ ದಾಟಿ ರೈಲು ಮಂಗಳೂರಿಗೆ ಬಂದುದು 1907ರಲ್ಲಿ. ಮದರಾಸು ರೈಲ್ವೆ ಕಂಪೆನಿಯವರು ಕಲ್ಲಿಕೋಟೆ, ಕಣ್ಣಾನೂರು, ಕಾಸರಗೋಡುಗಳ ಮೂಲಕ ಸಮುದ್ರದ ಅಂಚಿನಲ್ಲಿ ಹಳಿ ಹಾಸುತ್ತ ಬಂದು ಇಲ್ಲಿ ನಿಲ್ಲಿಸಿದರು. ಮರುವರ್ಷವೇ ಈ ಹಾದಿ ಸೌತ್ ಇಂಡಿಯನ್ ರೈಲ್ವೆಯ ಕೈಗೆ ಹೋಯಿತು. 1951ರಲ್ಲಿ ದಕ್ಷಿಣ ರೈಲ್ವೆ ಎಂಬ ಹೆಸರಾಯಿತು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ಹಳಿಗಳಿಗೆ ಅದು ತಿಳಿದಂತಿರಲಿಲ್ಲ. ಸ್ವಂತ ರಾಜಧಾನಿಯಾದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ನಾವು ಶೊರನೂರು, ಪಾಲಘಾಟು, ಸೇಲಂ, ಜೋಲಾರಪೇಟೆ ಎಂದು ಎರಡು ಪರರಾಜ್ಯಗಳನ್ನು ಸುತ್ತಬೇಕಾಗಿತ್ತು. ಮೂಗು ಮುಟ್ಟಲು ತಲೆಯ ಹಿಂದಿನಿಂದ ಕೈ ತಂದ ಹಾಗೆ. ಈ ಸ್ಥಿತಿ 1979ರ ತನಕವೂ ಇತ್ತು. ಬೊಂಬಾಯಿಗೆ ಹೋಗುವವರೋ ಬಸ್ಸಿನಲ್ಲಿ ಘಟ್ಟ ಹತ್ತಿ ಕಡೂರಿನಲ್ಲಿ ರೈಲು ಹಿಡಿಯುತ್ತಿದ್ದರು. ಅದಕ್ಕೂ ಹಿಂದಿನವರು ಹಡಗು ಹತ್ತುತ್ತಿದ್ದರು.

ಈಗ ಸೋದರಮಾವನ ವಿಷಯಕ್ಕೆ ಬರುತ್ತೇನೆ. ಆತ ಎರಡನೆಯ ಮಹಾಯುದ್ಧ ಮುಗಿದ ಮೇಲೆ ರೈಲ್ವೆಗೆ ಸೇರಿ ಶೊರನೂರಿನ ಲೋಕೋ ಶೆಡ್ಡಿನಲ್ಲಿ ಫೈರ್‌ಮನ್ ಆಗಿದ್ದ. ವರ್ಷಕ್ಕೊಮ್ಮೆ, ಹೆಚ್ಚಾಗಿ ಮೊಂತಿ ಹಬ್ಬದ ಸಮಯಕ್ಕೆ, ಪಾಸಿನಲ್ಲಿ ಊರಿಗೆ ಬರುತ್ತಿದ್ದ. ತೆನೆಯ ಆಶೀರ್ವಾದಕ್ಕೆ ಬಿಳಿ ಅಂಗಿ ತೊಟ್ಟು ಇಗರ್ಜಿಗೆ ಬಂದರೂ ಅವನ ಉಗುರುಗಳ ಬುಡದಲ್ಲಿ ಕರಿ ಹಾಗೆಯೇ ಉಳಿದಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದ ಕರಿ. ನಮಗೆ ಮಕ್ಕಳಿಗೆ ಅದು ರಾಜನ ಮುದ್ರೆಯುಂಗುರದಂತೆ ಕಾಣುತ್ತಿತ್ತು.

“ಮಾವ, ಇಂಜಿನಿನೊಳಗೆ ಹೇಗಿರುತ್ತದೆ?” ಎಂದು ಕೇಳಿದರೆ ಆತ ಬಹಳ ಹೇಳುತ್ತಿರಲಿಲ್ಲ. ನಾನೇ ಇಲಾಖೆಗೆ ಸೇರಿದ ಮೇಲೆ, ಒಮ್ಮೆ ಅವನ ಇಂಜಿನಿನ ಮೇಲೆ ನಿಂತು ಕಂಡ ಮೇಲೆ, ಆ ಮೌನದ ಕಾರಣ ತಿಳಿಯಿತು. ಡಬ್ಲ್ಯೂ.ಜಿ. ಎಂಬ ಗೂಡ್ಸ್ ಇಂಜಿನು ಅದು. ಚಿತ್ತರಂಜನದ ಕಾರ್ಖಾನೆಯಲ್ಲಿ 1950ರಲ್ಲಿ ಮೊತ್ತಮೊದಲು ತಯಾರಾದ ಇಂಜಿನಿನ ಜಾತಿ. ಅದೇ ಕಾರ್ಖಾನೆಯ ಕೊನೆಯ ಬ್ರಾಡ್‌ಗೇಜ್ ಉಗಿ ಇಂಜಿನೂ ಇದೇ ಜಾತಿಯದು, 1970ರಲ್ಲಿ ‘ಅಂತಿಮ್ ಸಿತಾರಾ’ ಎಂಬ ಹೆಸರು ಹೊತ್ತು ಹೊರಬಂದಿತು. ಅದರ ಬಾಯ್ಲರಿನಲ್ಲಿ ಚದರ ಇಂಚಿಗೆ 210 ಪೌಂಡಿನ ಒತ್ತಡ ನಿಲ್ಲಬೇಕು. ನಿಲ್ಲಿಸುವವನು ಫೈರ್‌ಮನ್. ಸಲಿಕೆಯಲ್ಲಿ ಕಲ್ಲಿದ್ದಲನ್ನು ಸುಮ್ಮನೆ ಒಳಗೆ ಎಸೆದರಾಗದು; ಗದ್ದೆಗೆ ಬೀಜ ಬಿತ್ತುವವನಂತೆ ಮೂಲೆ ಮೂಲೆಗೂ ತೆಳುವಾಗಿ ಹರಡಬೇಕು. ಒಂದು ಕಡೆ ದಪ್ಪವಾದರೆ ಬೆಂಕಿ ಮಂಕಾಗುತ್ತದೆ, ಒಂದು ಕಡೆ ತೂತಾದರೆ ತಣ್ಣನೆಯ ಗಾಳಿ ನುಗ್ಗುತ್ತದೆ. ಹಾಗೆ ಬಿತ್ತುವಾಗ ಇಂಜಿನು ಓಡುತ್ತಿರುತ್ತದೆ, ಕಾಲ ಕೆಳಗಿನ ತಗಡು ಕುಣಿಯುತ್ತಿರುತ್ತದೆ. ಮುಖದ ಮೇಲೆ ಕುಲುಮೆಯ ಬಿಸಿ, ಬೆನ್ನಿನ ಮೇಲೆ ಮಲೆಯಾಳದ ಜಡಿಮಳೆ. ಒಂದೇ ದೇಹಕ್ಕೆ ಏಕಕಾಲಕ್ಕೆ ಬೇಸಗೆಯೂ ಮಳೆಗಾಲವೂ.

ಇಷ್ಟರ ನಡುವೆ ಕಣ್ಣು ಗಾಜಿನ ನಳಿಗೆಯ ಮೇಲಿರಬೇಕು. ಬಾಯ್ಲರಿನಲ್ಲಿ ನೀರು ಎಷ್ಟಿದೆಯೆಂದು ತೋರಿಸುವುದು ಅದೇ. ನೀರಿನ ಮಟ್ಟ ಕುಲುಮೆಯ ನೆತ್ತಿಗಿಂತ ಕೆಳಗಿಳಿದರೆ ಅಲ್ಲಿರುವ ಸೀಸದ ಬಿರಡೆ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಅದು ಜೀವ ಉಳಿಸುವ ಉಪಾಯ. ಆದರೆ ಸೀಸ ಕರಗಿಸಿದವನೆಂಬ ಅಪಕೀರ್ತಿ ಶೆಡ್ಡಿನಲ್ಲಿ ಸಾಯುವ ತನಕ ಹೋಗುವುದಿಲ್ಲ. ನನ್ನ ಮಾವ ಒಮ್ಮೆಯೂ ಸೀಸ ಕರಗಿಸಿದವನಲ್ಲ. ತನ್ನ ಕುರಿತು ಆತ ಹೆಮ್ಮೆಯಿಂದ ಹೇಳಿಕೊಂಡುದು ಇದೊಂದನ್ನೇ. ಅವನ ಮುಂಗೈಗಳ ಮೇಲೆ ಸುಟ್ಟ ಕಲೆಗಳು ಜಪಮಾಲೆಯ ಮಣಿಗಳಂತೆ ಸಾಲಾಗಿದ್ದವು.

ಅವನನ್ನು ನೋಡಿಯೇ ನಾನು ರೈಲ್ವೆಗೆ ಅರ್ಜಿ ಹಾಕಿದೆ. 1971ರಲ್ಲಿ ತಿರುಚಿರಾಪಳ್ಳಿಯ ಶಾಲೆಯಲ್ಲಿ ತರಬೇತಿ ಮುಗಿಸಿ, ಕಾಸರಗೋಡಿನ ಆಚೆಯ ಒಂದು ಸಣ್ಣ ನಿಲ್ದಾಣಕ್ಕೆ ಸಹಾಯಕ ಸ್ಟೇಷನ್ ಮಾಸ್ತರನಾಗಿ ಹೋದೆ. ಆಗ ಆ ಹಾದಿ ಒಂಟಿ ಹಳಿಯದು. ಎರಡು ನಿಲ್ದಾಣಗಳ ನಡುವೆ ಒಂದು ಸಮಯಕ್ಕೆ ಒಂದೇ ಗಾಡಿ ಇರತಕ್ಕದ್ದು. ಅದಕ್ಕೆ ಸಾಕ್ಷಿಯಾಗಿ ಯಂತ್ರದಿಂದ ಒಂದು ಟೋಕನ್ ಹೊರಬರುತ್ತದೆ; ಅದು ಹೊರಗಿರುವ ತನಕ ಇನ್ನೊಂದು ಬರಲಾರದು. ಆ ಟೋಕನನ್ನು ಚರ್ಮದ ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ, ಓಡುವ ಇಂಜಿನಿನ ಚಾಲಕನ ಕೈಗೆ ಸಿಗುವಂತೆ ಎತ್ತಿ ಹಿಡಿಯಬೇಕು. ಅದನ್ನು ಪಡೆಯದೆ ಮುಂದೆ ಹೋಗುವ ಅಧಿಕಾರ ಯಾವ ಚಾಲಕನಿಗೂ ಇಲ್ಲ. ಎಂಟು ವರ್ಷ ನಾನು ಈ ಬಳೆ ಹಿಡಿದಿದ್ದೇನೆ. ಈಗಲೂ ಮಳೆಗಾಲದಲ್ಲಿ ಬಲದ ಭುಜ ಅದನ್ನು ನೆನಪಿಸುತ್ತದೆ.

ಇನ್ನು ಹೇಳಲಿರುವುದನ್ನು ಈ ಊರಿನಲ್ಲಿ ನಾನು ಬಹಿರಂಗವಾಗಿ ಹೇಳಿದವನಲ್ಲ. ಸಮಿತಿಯವರು ಬಂದು ಹೋದ ರಾತ್ರಿ ಯೋಚಿಸಿದೆ: ಹೇಳುವುದಾದರೆ ಇದನ್ನೂ ಹೇಳಬೇಕು, ಇಲ್ಲವಾದರೆ ಹೋಗಲೇಬಾರದು ಎಂದು.

1974ರ ಮೇ 8ರಂದು ದೇಶದಾದ್ಯಂತ ರೈಲ್ವೆ ಮುಷ್ಕರ ಆರಂಭವಾಯಿತು. ಅದರ ನಾಯಕರು ಜಾರ್ಜ್ ಫೆರ್ನಾಂಡಿಸರು ಎಂಬುದು ತಮಗೆಲ್ಲ ತಿಳಿದೇ ಇದೆ. ಮಂಗಳೂರಿನ ಕ್ರೈಸ್ತ ಮನೆಯಲ್ಲಿ 1930ರಲ್ಲಿ ಹುಟ್ಟಿ, ಗುರುವಾಗಲೆಂದು ಬೆಂಗಳೂರಿನ ಸೆಮಿನರಿಗೆ ಹೋಗಿ, ಅದನ್ನು ಬಿಟ್ಟು ಬೊಂಬಾಯಿಯ ಕಾರ್ಮಿಕರ ನಡುವೆ ಬೆಳೆದವರು. ಆ ಹೊತ್ತಿಗೆ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರು. ಬೇಡಿಕೆಗಳಲ್ಲಿ ಸಂಬಳ, ಬೋನಸ್ಸುಗಳ ಜೊತೆ ಕೆಲಸದ ಅವಧಿಯೂ ಇತ್ತು. ಉಗಿ ಇಂಜಿನಿನ ಕೆಲಸಗಾರರಿಗೆ ಎಂಟು ಗಂಟೆಯ ದಿನ ಎಂಬುದು ಎಷ್ಟು ದೊಡ್ಡ ಮಾತು ಎಂಬುದನ್ನು ಆ ತಗಡಿನ ಮೇಲೆ ನಿಂತವರು ಮಾತ್ರ ಬಲ್ಲರು. ಮುಷ್ಕರ 20 ದಿನ ನಡೆದು ಮೇ 27ರಂದು ನಿಂತಿತು. ಸಾವಿರಾರು ಜನರ ಬಂಧನವಾಯಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು.

ನನ್ನ ಮಾವ ಆಗ ಡ್ರೈವರನಾಗಿದ್ದ. ಮುಷ್ಕರಕ್ಕೆ ಸೇರಿದ, ಕೆಲಸ ಕಳೆದುಕೊಂಡ. ಹೆಂಡತಿ ಮತ್ತು ನಾಲ್ಕು ಮಕ್ಕಳೊಡನೆ ಮಿಜಾರಿಗೆ ಬಂದು ನಮ್ಮ ಅಜ್ಜನ ಮನೆಯ ಜಗಲಿಯಲ್ಲಿ ಸಂಸಾರ ಹೂಡಿದ. ಸುಟ್ಟ ಕಲೆಯ ಆ ಕೈಗಳಲ್ಲಿ ಬೇರೆಯವರ ತೋಟದ ಅಡಿಕೆ ಸುಲಿದ.

ನಾನು? ನಾನು ಕೆಲಸಕ್ಕೆ ಹೋದೆ. ಮೂರು ವರ್ಷದ ನೌಕರಿ, ತಂಗಿಯ ಮದುವೆಯ ಸಾಲ, ಹೊಸದಾಗಿ ಹುಟ್ಟಿದ ಮಗು. ನೆವಗಳು ಬೇಕಾದಷ್ಟಿದ್ದವು. ನಿಜವಾದ ಕಾರಣ ಹೆದರಿಕೆ. ಓಡಿದ ಕೆಲವೇ ಗಾಡಿಗಳಿಗೆ ಹಸಿರು ಬಾವುಟ ತೋರಿಸಿದವರಲ್ಲಿ ನಾನೂ ಒಬ್ಬ. ಮುಷ್ಕರ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನನ್ನ ಮಾವ ತಾನು ಸರಿಯೆಂದು ನಂಬಿದುದಕ್ಕೆ ಬೆಲೆ ತೆತ್ತ, ನಾನು ತೆರಲಿಲ್ಲ. ಆ ವರ್ಷದ ಮೊಂತಿ ಹಬ್ಬದಂದು ಇಗರ್ಜಿಯ ಅಂಗಳದಲ್ಲಿ ನಾನು ಅವನ ಕೈ ಹಿಡಿಯಲು ಹೋದೆ. ಆತ ಕೈಯಲ್ಲಿದ್ದ ತೆನೆಯನ್ನು ಇನ್ನೊಂದು ಕೈಗೆ ಬದಲಾಯಿಸಿ, ಮುಖ ತಿರುಗಿಸಿ ನಡೆದ. ಮೂರು ವರ್ಷ ನಮ್ಮೊಳಗೆ ಮಾತಿರಲಿಲ್ಲ. ಒಂದೇ ಬೆಂಚಿನ ಎರಡು ತುದಿಯಲ್ಲಿ ಮೊಣಕಾಲೂರಿದ ದಿನಗಳಿದ್ದವು. ನೋಡಿದವರು ಈಗಲೂ ಇಲ್ಲಿ ಇಬ್ಬರು ಮೂವರು ಇದ್ದಾರೆ.

1977ರಲ್ಲಿ ಸರಕಾರ ಬದಲಾಯಿತು. ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾಗಿ, ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರನ್ನು ಮರಳಿ ಸೇರಿಸಿಕೊಂಡರು. (ಎರಡನೆಯ ದರ್ಜೆಯ ಮರದ ಹಲಗೆಗಳ ಮೇಲೆ ಮೆತ್ತೆ ಹಾಸಿಸಿದವರೂ ಅವರೇ, ಬಡವನ ಬೆನ್ನಿನ ಬಗ್ಗೆ ಯೋಚಿಸಿದ ಮಂತ್ರಿ ಎಂದು ನಾನು ಅವರನ್ನು ನೆನೆಯುತ್ತೇನೆ.) ಆ ವರ್ಷದ ಕೊನೆಯಲ್ಲಿ ಒಂದು ರಾತ್ರಿ, ನಮ್ಮ ನಿಲ್ದಾಣದಲ್ಲಿ ನಿಲ್ಲದ ಗೂಡ್ಸ್ ಗಾಡಿಯೊಂದಕ್ಕಾಗಿ ನಾನು ಬಳೆ ಎತ್ತಿ ನಿಂತಿದ್ದೆ. ಇಂಜಿನಿನ ಕಿಟಕಿಯಿಂದ ಹೊರಚಾಚಿದ ಕೈಯನ್ನು ಪಂಜಿನ ಬೆಳಕಿನಲ್ಲಿ ಕಂಡೆ. ಕಲೆಗಳ ಸಾಲು ಕಂಡೆ. ಆತ ಬಳೆಯನ್ನು ತೆಗೆದುಕೊಳ್ಳುತ್ತ, ಆ ಸದ್ದಿನ ನಡುವೆ, ಕೊಂಕಣಿಯಲ್ಲಿ “ಊಟವಾಯಿತೇನೋ?” ಎಂದು ಕೂಗಿದ. ನಾನು ಉತ್ತರ ಕೊಡುವುದರೊಳಗೆ ಗಾಡಿಯ ಕೊನೆಯ ಕೆಂಪು ದೀಪ ತಿರುವಿನಲ್ಲಿ ಮರೆಯಾಗಿತ್ತು.

ಅದೇ ಫೆರ್ನಾಂಡಿಸರು 1989ರ ಡಿಸೆಂಬರಿನಲ್ಲಿ ತಾವೇ ರೈಲ್ವೆ ಮಂತ್ರಿಗಳಾದರು. ಒಂದು ವರ್ಷವೂ ತುಂಬದ ಆ ಅವಧಿಯಲ್ಲಿ, 1990ರ ಜುಲೈಯಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ನರ ಮುಂದಾಳುತನದಲ್ಲಿ ಎಂಟು ವರ್ಷದೊಳಗೆ, 1998ರಲ್ಲಿ, ರೋಹದಿಂದ ಮಂಗಳೂರಿನ ತನಕ 700 ಕಿಲೋಮೀಟರಿಗೂ ಮಿಕ್ಕ ಹಾದಿ ತೆರೆಯಿತು. ಬೊಂಬಾಯಿಗೆ ಒಂದೇ ರಾತ್ರಿಯ ಪ್ರಯಾಣ. ಇದರ ಪ್ರಯೋಜನ ತಾವೆಲ್ಲ ಪಡೆದವರೇ ಆದುದರಿಂದ ಹೆಚ್ಚು ಹೇಳಬೇಕಾಗಿಲ್ಲ. ನನ್ನ ಮಾವ ಅದನ್ನು ಕಾಣಲು ಉಳಿಯಲಿಲ್ಲ.

ನನ್ನ ವೃತ್ತಿಯ ಎರಡನೆಯ ಭಾಗ ಘಟ್ಟದಲ್ಲಿ ಕಳೆಯಿತು. ಮಂಗಳೂರು–ಹಾಸನ ಮೀಟರ್‌ಗೇಜ್ ಹಾದಿ ಪೂರ್ಣವಾಗಿ ತೆರೆದುದು 1979ರಲ್ಲಿ. ಒಟ್ಟು 189 ಕಿಲೋಮೀಟರು. ಅದರಲ್ಲಿ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದ ವರೆಗಿನ ಸುಮಾರು 55 ಕಿಲೋಮೀಟರು ಘಟ್ಟದ ಏರು. 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು. 50 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಬರಹದಲ್ಲಿ ಇದು ಅಲ್ಪವೆಂದು ತೋರಬಹುದು. ಸಾವಿರ ಟನ್ನು ಹೊತ್ತ ಗಾಡಿಗೆ ಅದು ಗೋಡೆ. ಘಟ್ಟದಲ್ಲಿ ಗಾಡಿಯ ವೇಗಕ್ಕೆ ಗಂಟೆಗೆ 30 ಕಿಲೋಮೀಟರಿನ ಮಿತಿ. ನಮ್ಮ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರಲ್ಲವೇ? ಲೆಕ್ಕ ಹಾಕಿದೆ: ಗಂಟೆಗೆ 37 ಕಿಲೋಮೀಟರಿಗೂ ಹೆಚ್ಚು. ಘಟ್ಟದಲ್ಲಾದರೆ ನಮ್ಮ ರೈಲನ್ನು ಹಿಂದೆ ಹಾಕುತ್ತಿದ್ದರು, ಅದೂ ಕೆಸರಿನಲ್ಲಿ!

ಈ ಹಾದಿಯ ನಡುವೆ ಕಾಡಿನೊಳಗೆ ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ನಿಲ್ದಾಣಗಳಿವೆ. ನಾನು ಎಡಕುಮೇರಿಯಲ್ಲಿ ನಾಲ್ಕು ಮಳೆಗಾಲ ಕಳೆದೆ. ನಾನಿದ್ದಾಗ ಅಲ್ಲಿಗೆ ರಸ್ತೆಯಿರಲಿಲ್ಲ. ಅಕ್ಕಿ, ಉಪ್ಪು, ಸೀಮೆಎಣ್ಣೆ, ಕಾಗದ, ಔಷಧ, ಎಲ್ಲವೂ ಗಾಡಿಯಲ್ಲಿಯೇ ಬರಬೇಕು. ಆದಿತ್ಯವಾರದ ಪೂಜೆಗೆ ಸಕಲೇಶಪುರಕ್ಕೆ ಹೋಗಬೇಕಾದರೂ ಗಾಡಿಯೇ ಗತಿ. ಬಹುಪಾಲು ಆದಿತ್ಯವಾರಗಳಲ್ಲಿ ನನ್ನ ಪಾಳಿ ಇರುತ್ತಿದ್ದುದರಿಂದ ಅದೂ ಇಲ್ಲ. ಸಂಜೆ ಒಬ್ಬನೇ ಕುಳಿತು ತೇರ್ಸು ಹೇಳುವಾಗ ನಡುನಡುವೆ ಪಕ್ಕದ ನಿಲ್ದಾಣದ ಗಂಟೆ ಬಡಿಯುತ್ತಿತ್ತು. ಎದ್ದು ಹೋಗಿ ಉತ್ತರ ಕೊಟ್ಟು ಬಂದರೆ ಯಾವ ಮಣಿಯಲ್ಲಿ ಬಿಟ್ಟೆನೆಂದು ಮರೆತಿರುತ್ತಿತ್ತು. ಎಷ್ಟೋ ರಾತ್ರಿ ಒಂದೇ ರಹಸ್ಯವನ್ನು ಎರಡೆರಡು ಬಾರಿ ಪ್ರಾರ್ಥಿಸಿದ್ದೇನೆ. ದೇವಮಾತೆ ಹೆಚ್ಚಿನದನ್ನು ಬೇರೆ ಯಾರ ಖಾತೆಗಾದರೂ ಹಾಕಿರಬಹುದು.

ಅಲ್ಲಿನ ಮಳೆಯನ್ನು ಮಳೆ ಎನ್ನಬಾರದು. ದಿನಗಟ್ಟಲೆ ಎದುರಿನ ಗುಡ್ಡ ಕಾಣದು. ಅಂತಹ ಮಳೆಯಲ್ಲಿ ರಾತ್ರಿಯಿಡೀ ಹಳಿಯ ಮೇಲೆ ನಡೆಯುವ ಒಬ್ಬ ಮನುಷ್ಯನಿರುತ್ತಾನೆ. ಅವನೇ ಪೆಟ್ರೋಲ್‌ಮನ್. ಕೈಯಲ್ಲಿ ಕೆಂಪು ಹಸಿರು ಗಾಜಿನ ಕಂದೀಲು, ಹೆಗಲಲ್ಲಿ ಒಂದು ಚೀಲ, ಚೀಲದಲ್ಲಿ ಕೆಲವು ಪಟಾಕಿಗಳು. ಹಬ್ಬದ ಪಟಾಕಿಯಲ್ಲ. ಹಳಿ ಕೊಚ್ಚಿಹೋಗಿದೆಯೆಂದೋ ಬಂಡೆ ಬಿದ್ದಿದೆಯೆಂದೋ ಕಂಡರೆ, ಗಾಡಿ ಬರುವ ದಿಕ್ಕಿಗೆ ಓಡಿಹೋಗಿ, 10 ಮೀಟರಿಗೊಂದರಂತೆ ಮೂರನ್ನು ಹಳಿಯ ಮೇಲೆ ಕಟ್ಟಬೇಕು; ಚಕ್ರ ಹತ್ತಿದೊಡನೆ ಅವು ಸಿಡಿದು ಚಾಲಕನನ್ನು ಎಚ್ಚರಿಸುತ್ತವೆ. ತನ್ನ ಗಡಿಯ ತುದಿಗೆ ಹೋಗಿ, ಆ ಕಡೆಯಿಂದ ಬಂದವನೊಡನೆ ಪುಸ್ತಕ ಬದಲಾಯಿಸಿಕೊಂಡು, ಹಿಂದಿರುಗಿ ಸ್ಟೇಷನ್ ಮಾಸ್ತರನ ಸಹಿ ಪಡೆಯಬೇಕು. ಕಾಲಿಗೆ ಜಿಗಣೆ, ತಲೆಯ ಮೇಲೆ ಗೊರಬು, ಕೆಲವು ರಾತ್ರಿ ದಾರಿಯಲ್ಲಿ ಆನೆ.

ನನ್ನ ಮೂರನೆಯ ಮಳೆಗಾಲದ ಒಂದು ರಾತ್ರಿ ಆತ ಸಮಯಕ್ಕೆ ಬರಲಿಲ್ಲ. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು. ಬೆಂಗಳೂರಿನಿಂದ ಬಂದ ರಾತ್ರಿಯ ಗಾಡಿ ನನ್ನ ನಿಲ್ದಾಣದಲ್ಲಿ ನಿಂತಿತ್ತು. ನಿಯಮದ ಪ್ರಕಾರ ಎಚ್ಚರಿಕೆಯ ಚೀಟಿ ಕೊಟ್ಟು ನಿಧಾನವಾಗಿ ಬಿಡಬಹುದಾಗಿತ್ತು. ನನ್ನ ಕೈ ಏಳಲಿಲ್ಲ. ಕಂಟ್ರೋಲಿನಿಂದ ಫೋನು, ಪ್ಲಾಟುಫಾರಮಿನಲ್ಲಿ ಪ್ರಯಾಣಿಕರ ಬೈಗುಳ. ಮದುವೆಗೆ ಹೊರಟಿದ್ದ ಒಬ್ಬರು, ಮೂಡಬಿದಿರೆಯ ಕಡೆಯವರೆಂದು ಮಾತಿನಿಂದ ತಿಳಿಯಿತು, “ಇಂತಹ ಹೇಡಿಗಳನ್ನು ಮಾಸ್ತರರನ್ನಾಗಿ ಮಾಡುತ್ತಾರಲ್ಲ!” ಎಂದರು. ಹೇಡಿ ಎಂಬ ಮಾತು ನನಗೆ ಹೊಸದಾಗಿರಲಿಲ್ಲ; ನಾನೇ ನನ್ನನ್ನು ಹಾಗೆ ಎಷ್ಟೋ ಸಲ ಕರೆದುಕೊಂಡಿದ್ದೆ. ಆದರೆ ಆ ರಾತ್ರಿ ಅದು ಅಷ್ಟಾಗಿ ನಾಟಲಿಲ್ಲ.

ಒಂದು ಗಂಟೆಯ ಮೇಲೆ ಮಂಜಿನಲ್ಲಿ ಕೆಂಪು ದೀಪವೊಂದು ಅಲ್ಲಾಡುತ್ತ ಬಂದಿತು. ಆತನ ಸೊಂಟದ ವರೆಗೆ ಕೆಸರು. ಸುರಂಗವೊಂದರ ಬಾಯಿಯಲ್ಲಿ ಗುಡ್ಡದ ಮಣ್ಣು ಇಳಿದು ಹಳಿ ಮುಚ್ಚಿತ್ತು. ಪಟಾಕಿ ಕಟ್ಟಿ, ಬಿದ್ದ ಮಣ್ಣಿನ ಮೇಲೆಯೇ ತೆವಳಿ ಬಂದಿದ್ದ. ಕಂದೀಲು ಆರದಂತೆ ಅಂಗಿ ಬಿಚ್ಚಿ ಅದರ ಸುತ್ತ ಹಿಡಿದಿದ್ದ. ನಾನು ಕಾಫಿ ಕೊಟ್ಟೆ. ಕುಡಿದು, ಪುಸ್ತಕ ಮುಂದಿಟ್ಟು, ತಡವಾದುದಕ್ಕೆ ಏನು ಬರೆಯುತ್ತೀರಿ ಎಂದು ಕೇಳಿದ. ಸಮಯಕ್ಕೆ ಬಾರದ ಕಾರಣಕ್ಕೆ ತನ್ನ ಸಂಬಳ ಹಿಡಿಯುತ್ತಾರೇನೋ ಎಂಬ ಅಂಜಿಕೆ ಅವನಿಗೆ. ಗಾಡಿ ಬೆಳಗಾದ ಮೇಲೆ ಮಣ್ಣು ತೆಗೆದು ಹೊರಟಿತು. ಮದುವೆಗೆ ಹೊರಟವರು ನನ್ನ ಕಡೆ ನೋಡದೆ ಹತ್ತಿದರು. ಅವರಿಗೆ ಮುಹೂರ್ತ ತಪ್ಪಿದುದು ನಿಜವಲ್ಲವೇ, ಅವರನ್ನು ದೂರಲಾರೆ.

ಕಾವಲು ಎಲ್ಲೆಡೆಯೂ ಎಲ್ಲ ದಿನವೂ ಗೆಲ್ಲುವುದಿಲ್ಲ. ನಾನು ಒಂಬತ್ತನೆಯ ವಯಸ್ಸಿನಲ್ಲಿ ಕಂಡು ಬೆರಗಾದ ಅದೇ ಮದರಾಸು ಮೇಲ್ 2001ರ ಜೂನ್ 22ರಂದು ಕಲ್ಲಿಕೋಟೆಯ ಬಳಿ ಕಡಲುಂಡಿ ಹೊಳೆಯ ಸೇತುವೆಯಿಂದ ಕೆಳಗೆ ಬಿದ್ದಿತು. 50ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಸುದ್ದಿ ಬಂದ ಸಂಜೆ ನಾನು ಪಾಳಿಯಲ್ಲಿದ್ದೆ. ಗಾಡಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯುವಾಗ ಕೈ ನಡುಗಿದುದು ನೆನಪಿದೆ.

ಮೀಟರ್‌ಗೇಜ್ ಹಾದಿಯನ್ನು 1996ರಲ್ಲಿ ಮುಚ್ಚಿದರು, ಅಗಲದ ಹಳಿ ಹಾಕುವುದಕ್ಕಾಗಿ. ಸರಕು ಗಾಡಿ ಮತ್ತೆ ಓಡಿದುದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಆ ಹತ್ತು ವರ್ಷ ನಾನು ಬೇರೆಡೆ ಇದ್ದೆ, ಹೇಳುವಂತಹದೇನೂ ಇಲ್ಲ. 2010ರಲ್ಲಿ ನಿವೃತ್ತನಾಗಿ ಊರಿಗೆ ಬಂದೆ. ಮೊದಲ ಕೆಲವು ತಿಂಗಳು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಯಾವ ಗಾಡಿ ಎಲ್ಲಿದೆ ಎಂದು ಯೋಚಿಸುತ್ತ ಕುಳಿತಿರುತ್ತಿದ್ದೆ. ಇಗರ್ಜಿಯ ಗಂಟೆ ಬಡಿದಾಗ ಎದ್ದು ನಿಲ್ಲುತ್ತಿದ್ದೆ, ಬಾವುಟ ಹುಡುಕುವವನಂತೆ. ಮನೆಯವರು ನಗುತ್ತಿದ್ದರು.

2021ರ ಜುಲೈಯಲ್ಲಿ ಈ ಹಾದಿಯ ಹಗಲು ಗಾಡಿಗಳಿಗೆ ಗಾಜಿನ ಚಾವಣಿಯ ಬೋಗಿಗಳನ್ನು ಜೋಡಿಸಿದರು. ಮರುವರ್ಷ ಮಳೆಗಾಲದಲ್ಲಿ ನನ್ನ ಮೊಮ್ಮಗಳು ಟಿಕೇಟು ತೆಗೆಸಿ, ಹಿಂದೆ ಕಂಕನಾಡಿ ಎಂದಿದ್ದ ಮಂಗಳೂರು ಜಂಕ್ಷನ್ನಿನಿಂದ ನನ್ನನ್ನು ಹತ್ತಿಸಿದಳು. ಮೆತ್ತನೆಯ ತಿರುಗು ಕುರ್ಚಿ, ತಲೆಯ ಮೇಲೂ ಆಕಾಶ. ಸುಬ್ರಹ್ಮಣ್ಯ ದಾಟಿದೊಡನೆ ಎಲ್ಲರೂ ಎದ್ದು ನಿಂತು ಚಿತ್ರ ತೆಗೆಯತೊಡಗಿದರು. ಸುರಂಗ ಬಂದಾಗಲೆಲ್ಲ ಮಕ್ಕಳು ಹೋ ಎಂದು ಕೂಗಿದರು. ನಾನೂ ಅಂತಹ ಮಗುವೇ ಆಗಿದ್ದೆನಲ್ಲ, ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ, ನಾಲ್ಕು ವರ್ಷ ಅಲ್ಲಿ ವಾಸವಾಗಿದ್ದರೂ ಆ ಕಣಿವೆ ಅಷ್ಟು ಚೆಲುವಾಗಿದೆಯೆಂದು ನನಗೆ ತಿಳಿದುದು ಅಂದೇ. ನಾನು ಅಲ್ಲಿ ನೋಡುತ್ತಿದ್ದುದು ಗುಡ್ಡದ ಬಿರುಕುಗಳನ್ನು, ನೀರಿನ ಬಣ್ಣವನ್ನು. ಕೆಂಪಾಗಿ ಹರಿದರೆ ಮಣ್ಣು ಇಳಿಯುತ್ತಿದೆ ಎಂದು ಅರ್ಥ. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಅದೇ ಗುಡ್ಡಗಳು ಜಾರಿ ವಾರಗಟ್ಟಲೆ ಗಾಡಿಗಳು ನಿಂತುದನ್ನು ತಾವು ಪತ್ರಿಕೆಯಲ್ಲಿ ಓದಿದ್ದೀರಿ.

ಎಡಕುಮೇರಿಯ ಹತ್ತಿರ ಗಾಡಿ ನಿಧಾನಿಸಿತು. ಜಲಪಾತವೊಂದರ ಬುಡದಲ್ಲಿ, ಹಳಿಯ ಪಕ್ಕದ ಕಿರಿದಾದ ಜಾಗದಲ್ಲಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಒಬ್ಬ ತರುಣ ಬಂಡೆಗೆ ಬೆನ್ನು ಒತ್ತಿ ನಿಂತಿದ್ದ. ಕೈಯಲ್ಲಿ ಉದ್ದ ಹಿಡಿಯ ಸುತ್ತಿಗೆ. ಬೋಗಿಯವರೆಲ್ಲ ಅವನ ತಲೆಯ ಮೇಲಿನ ನೀರಿನ ಚಿತ್ರ ತೆಗೆಯುತ್ತಿದ್ದರು. ನಾನು ಗಾಜಿನ ಹತ್ತಿರ ಹೋಗಿ ಕೈ ಎತ್ತಿದೆ. ಆತನಿಗೆ ಮೊದಲು ಅರ್ಥವಾಗಲಿಲ್ಲ. ಆ ಬೋಗಿಯಿಂದ ಯಾರೂ ಅವನಿಗೆ ಕೈ ಎತ್ತುತ್ತಿರಲಿಲ್ಲವೇನೋ. ಆಮೇಲೆ ಸುತ್ತಿಗೆಯನ್ನು ಎಡಗೈಗೆ ಬದಲಾಯಿಸಿ, ಬಲಗೈ ಎತ್ತಿದ. “ಅಜ್ಜಾ, ನಿಮಗೆ ಅವರ ಗುರುತಿದೆಯಾ?” ಎಂದು ಮೊಮ್ಮಗಳು ಕೇಳಿದಳು. ಇದೆ ಎಂದೆ.